ಮಾಗಿಯ ಮಂಜೂ ವಿಮಾನದ ವೇಳೆಯೂ

ಮಾಗಿಯ ಮುಂಜಾನೆ ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದು ಕಮಲಾಪುರದ ಕಡೆಗೆ ಹೊರಟರೆ, ತೊಗರಿಯ ಹೊಲಗಳ ಮೇಲೆ ಬಿಳಿಯ ಮಂಜು ಹಾಸಿರುವುದನ್ನು ಕೆಲವು ದಿನ ನಾವು ಕಾಣಬಹುದು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ತಗ್ಗಿನ ತೋಟಗಳಲ್ಲಿ ಅದು ಇನ್ನಷ್ಟು ಹೊತ್ತು ನಿಲ್ಲುವುದುಂಟು. ತೊಗರಿಯ ಹೂವು ಉದುರೀತೆಂದು ರೈತನು ಈ ಮಂಜಿಗೆ ಅಂಜುತ್ತಾನೆ. ಈಚೆಗೆ ಇನ್ನೊಬ್ಬನೂ ಅದಕ್ಕೆ ಅಂಜತೊಡಗಿದ್ದಾನೆ. ಅವನೇ ವಿಮಾನದ ಪ್ರಯಾಣಿಕ.

ಶ್ರೀನಿವಾಸ ಸರಡಗಿಯ ಬಳಿಯ ಕಲಬುರಗಿ ವಿಮಾನ ನಿಲ್ದಾಣವು 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಕಮಲಾಪುರದ ವಿದ್ಯಾರ್ಥಿಯೊಬ್ಬನಿಗೆ ಜನವರಿಯ ಒಂದು ದಿನ ಮಧ್ಯಾಹ್ನ 2 ಗಂಟೆಗೆ ದೂರದ ನಗರದಲ್ಲಿ ಸಂದರ್ಶನವಿದೆ ಎಂದಿಟ್ಟುಕೊಳ್ಳೋಣ. ಅವನು ಯಾವ ವಿಮಾನವನ್ನು, ಯಾವ ಸಂಸ್ಥೆಯನ್ನು ಆರಿಸಬೇಕು? ಟಿಕೆಟಿನ ಬೆಲೆಯೊಂದನ್ನೇ ನೋಡಿ ಇದನ್ನು ತೀರ್ಮಾನಿಸಲಾಗದು. ಸ್ವಲ್ಪ ಭೌತಶಾಸ್ತ್ರವೂ ಸ್ವಲ್ಪ ಅಂಕಗಣಿತವೂ ಇಲ್ಲಿ ನಮ್ಮ ನೆರವಿಗೆ ಬರುತ್ತವೆ.

ಮಂಜು ಹುಟ್ಟುವ ಬಗೆ

ಒಂದು ಘನ ಮೀಟರ್ ಗಾಳಿಯು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 17 ಗ್ರಾಂ ನೀರಾವಿಯನ್ನು ತಾಳಬಲ್ಲದು. 15 ಡಿಗ್ರಿಯಲ್ಲಿ ಸುಮಾರು 13 ಗ್ರಾಂ. 10 ಡಿಗ್ರಿಯಲ್ಲಿ ಸುಮಾರು 9 ಗ್ರಾಂ ಮಾತ್ರ. ಸಂಜೆಯ ಗಾಳಿಯಲ್ಲಿ 13 ಗ್ರಾಂ ಆವಿಯಿದ್ದರೆ, ರಾತ್ರಿ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದೊಡನೆ ಹೆಚ್ಚಿನ ಆವಿಯು ನೀರಾಗಲೇಬೇಕು. ಅದರಲ್ಲಿ ಕೆಲವಂಶ ಹುಲ್ಲಿನ ಮೇಲೆ ಇಬ್ಬನಿಯಾಗುತ್ತದೆ. ಉಳಿದುದು ಗಾಳಿಯಲ್ಲಿನ ಧೂಳಿನ ಸೂಕ್ಷ್ಮ ಕಣಗಳ ಸುತ್ತ ಹನಿಗಟ್ಟಿ ಮಂಜೆನಿಸುತ್ತದೆ.

ಮೋಡವಿಲ್ಲದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬೇಗನೆ ಬಿಟ್ಟುಕೊಡುತ್ತದೆ. ಗಾಳಿ ಬಲವಾಗಿ ಬೀಸದಿದ್ದರೆ ನೆಲದ ಸಮೀಪದ ಪದರವೇ ಹೆಚ್ಚು ತಣಿಯುತ್ತದೆ. ತಣ್ಣನೆಯ ಗಾಳಿ ಭಾರವಾದುದರಿಂದ ತಗ್ಗಿಗೆ ಹರಿದು ಅಲ್ಲಿಯೇ ನಿಲ್ಲುತ್ತದೆ. ಕಣಿವೆಗಳಲ್ಲಿ ಮಂಜು ದಟ್ಟವಾಗಲು ಇದೇ ಕಾರಣ. ಸೂರ್ಯೋದಯದ ಸುಮಾರಿಗೆ ಅದು ಬಹಳ ದಟ್ಟವಾಗಿದ್ದು, ನೆಲ ಕಾದಂತೆಲ್ಲ ಕರಗುತ್ತದೆ.

ಒಂಬತ್ತು ಸೆಕೆಂಡುಗಳ ಲೆಕ್ಕ

1,000 ಮೀಟರಿಗಿಂತ ಆಚೆಗೆ ಕಣ್ಣು ಕಾಣದಿದ್ದರೆ ಹವಾಶಾಸ್ತ್ರಜ್ಞರು ಅದನ್ನು ಮಂಜು ಎನ್ನುತ್ತಾರೆ. ನೆಲಕ್ಕಿಳಿಯುವ ವಿಮಾನದ ವೇಗ ಗಂಟೆಗೆ 216 ಕಿಲೋಮೀಟರ್ ಎಂದು ಭಾವಿಸಿದರೆ, ಅದು ಸೆಕೆಂಡಿಗೆ 60 ಮೀಟರ್ ಸಾಗುತ್ತದೆ. ರೇಡಿಯೋ ಕಿರಣಗಳ ಸಹಾಯದಿಂದ ಇಳಿಯುವ ಸಾಧಾರಣ ಕ್ರಮದಲ್ಲಿ, ಅಂದರೆ ಮೊದಲನೆಯ ವರ್ಗದಲ್ಲಿ, ಓಡುದಾರಿಯ ಮೇಲೆ ಕನಿಷ್ಠ 550 ಮೀಟರ್ ದೂರ ಕಾಣಬೇಕು. ಈ ದೂರವನ್ನು ವಿಮಾನವು ಸುಮಾರು 9 ಸೆಕೆಂಡುಗಳಲ್ಲಿ ದಾಟುತ್ತದೆ! ಇಷ್ಟೂ ಕಾಣದಿದ್ದರೆ ಇಳಿಯದಿರುವುದೇ ವಿವೇಕ.

ಮೂರನೆಯ ವರ್ಗದ ಸಲಕರಣೆಗಳಿದ್ದಲ್ಲಿ ಇನ್ನೂ ದಟ್ಟವಾದ ಮಂಜಿನಲ್ಲಿ ಇಳಿಯಬಹುದು. ದೆಹಲಿ, ಬೆಂಗಳೂರುಗಳಲ್ಲಿ ಇಂತಹ ಓಡುದಾರಿಗಳಿವೆ. ಆದರೆ ನಿಲ್ದಾಣವೊಂದೇ ಸಜ್ಜಾಗಿದ್ದರೆ ಸಾಲದು. ವಿಮಾನದಲ್ಲಿಯೂ ತಕ್ಕ ಯಂತ್ರಗಳಿರಬೇಕು, ಚಾಲಕನೂ ಅದರಲ್ಲಿ ತರಬೇತಾಗಿರಬೇಕು. ಸಣ್ಣ ಊರುಗಳಿಗೆ ಹಾರುವ ಎ.ಟಿ.ಆರ್. ಬಗೆಯ ಪ್ರೊಪೆಲರ್ ವಿಮಾನಗಳಿಗೆ ಮೂರನೆಯ ವರ್ಗದ ಇಳಿತ ಸಾಧ್ಯವಿಲ್ಲ. ಆದುದರಿಂದ ಒಂದೇ ಮಂಜಿನಲ್ಲಿ ಒಂದು ವಿಮಾನ ಇಳಿದು ಇನ್ನೊಂದು ಇಳಿಯದೆ ಹೋದರೆ ಆಶ್ಚರ್ಯಪಡಬೇಕಾಗಿಲ್ಲ.

ಒಂದು ತಡದಿಂದ ಹಲವು ತಡ

ಕಲಬುರಗಿಯಲ್ಲಿ ಬಿಸಿಲು ಬೆಳಗುತ್ತಿದ್ದರೂ ವಿಮಾನ ಬಾರದಿರುವುದುಂಟು. ಏಕೆಂದರೆ ಒಂದೇ ವಿಮಾನವು ದಿನಕ್ಕೆ ಹಲವು ಸಲ ಹಾರುತ್ತದೆ. ಆರು ಸಲ ಹಾರುವ ಒಂದು ವಿಮಾನವು ಬೆಳಗಿನ ಮೊದಲ ಹಾರಾಟದಲ್ಲಿಯೇ 120 ನಿಮಿಷ ತಡವಾಯಿತೆನ್ನೋಣ. ನಡುವಣ ಐದು ನಿಲುಗಡೆಗಳಲ್ಲಿ ತಲಾ 10 ನಿಮಿಷ ಉಳಿಸಿದರೂ ಆರನೆಯ ಹಾರಾಟವು 70 ನಿಮಿಷ ತಡವಾಗಿಯೇ ಹೊರಡುತ್ತದೆ. ವೇಳಾಪಟ್ಟಿಯನ್ನು ಸ್ವಲ್ಪ ಸಡಿಲವಾಗಿ ಹೆಣೆದ ಸಂಸ್ಥೆಯು ತಲಾ 20 ನಿಮಿಷ ಉಳಿಸೀತು. ಆಗ ಕೊನೆಯ ತಡ 20 ನಿಮಿಷ ಮಾತ್ರ. ಮಂಜು ಇಬ್ಬರಿಗೂ ಒಂದೇ, ಸಿದ್ಧತೆ ಬೇರೆ. ಮಂಜಿಗಾಗಿ ಯಾವ ಸಂಸ್ಥೆಯನ್ನೂ ದೂರಲಾಗದು, ಸಿದ್ಧತೆಯ ಕೊರತೆಗಾಗಿ ದೂರಬಹುದು.

ಆರಿಸುವ ಬಗೆ

ಸಂಸ್ಥೆಗಳ ಸಿದ್ಧತೆಯನ್ನು ಅಳೆಯಲು ಸಾಧನವಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಪ್ರತಿ ತಿಂಗಳೂ ಕೆಲವು ದೊಡ್ಡ ನಿಲ್ದಾಣಗಳಲ್ಲಿ ಸಂಸ್ಥೆಗಳ ವೇಳೆಪಾಲನೆ, ರದ್ದಾದ ಹಾರಾಟಗಳ ಪ್ರಮಾಣ, ಪ್ರಯಾಣಿಕರ ದೂರುಗಳು ಇವುಗಳ ಅಂಕಿಗಳನ್ನು ಪ್ರಕಟಿಸುತ್ತದೆ. ಇವುಗಳಲ್ಲಿ ಹಿಂದಿನ ಡಿಸೆಂಬರ್, ಜನವರಿಗಳ ಅಂಕಿಗಳನ್ನು ಹೋಲಿಸಿ ನೋಡಬೇಕು. ಜೂನ್ ತಿಂಗಳ ಅಂಕಿಯು ಮಂಜಿನ ಮಾತನ್ನು ಹೇಳದು.

ಎರಡನೆಯದಾಗಿ, ಅದೇ ಸಂಸ್ಥೆಗೆ ಅದೇ ದಿನ ಇನ್ನೊಂದು ಹಾರಾಟವಿದೆಯೇ ಎಂದು ವಿಚಾರಿಸಬೇಕು. ಸಂಸ್ಥೆಯೇ ಹಾರಾಟವನ್ನು ರದ್ದುಮಾಡಿದರೆ ಬದಲಿ ವಿಮಾನವನ್ನೋ ಹಣದ ವಾಪಸಾತಿಯನ್ನೋ ಕೇಳುವ ಹಕ್ಕು ಪ್ರಯಾಣಿಕನಿಗಿದೆ. ಹವೆಯೇ ಕಾರಣವಾದಾಗ ಪರಿಹಾರಧನ ಮಾತ್ರ ದೊರೆಯದು. ದಿನಕ್ಕೊಂದೇ ವಿಮಾನವಿರುವ ಊರಿನಲ್ಲಿ ಮರಳಿ ಬಂದ ಹಣವು ಹೋದ ಸಂದರ್ಶನವನ್ನು ತಂದುಕೊಡಲಾರದು.

ಮೂರನೆಯದಾಗಿ, ಮಂಜಿನ ಕಾಲದಲ್ಲಿ ಸೂರ್ಯೋದಯದ ವಿಮಾನಕ್ಕಿಂತ ಮಂಜು ಕರಗಿದ ಮೇಲೆ ಹೊರಡುವ ವಿಮಾನ ಮೇಲು. ಆದರೆ ನಮ್ಮ ವಿದ್ಯಾರ್ಥಿಗೆ ಅದರಿಂದ ವೇಳೆ ಸಾಲದೆ ಹೋಗಬಹುದು. ಅವನು ಹಿಂದಿನ ದಿನವೇ ಹೊರಡತಕ್ಕದ್ದು. ವಿಮಾನ ಸಿಗದಿದ್ದರೆ ಕಲಬುರಗಿಯಿಂದ ರೈಲಿದೆ. ಮುಂದೂಡಬಹುದಾದ ಕೆಲಸಕ್ಕೆ ಅಗ್ಗದ ಟಿಕೆಟು ಸಾಕು. ಮುಂದೂಡಲಾಗದ ಕೆಲಸಕ್ಕೆ ಒಂದು ರಾತ್ರಿಯ ಬಿಡುವನ್ನು ಕೊಂಡುಕೊಳ್ಳುವುದೇ ನಿಜವಾದ ಉಳಿತಾಯ.

ವಿದ್ಯಾರ್ಥಿಗಳು ಈ ಮಾಗಿಯಲ್ಲಿ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಪ್ರತಿ ಸಂಜೆ ಮೋಡ, ಗಾಳಿ, ಉಷ್ಣತೆ ಇವುಗಳನ್ನು ಬರೆದಿಟ್ಟು, ಮರುದಿನ ಸೂರ್ಯೋದಯದ ವೇಳೆಗೆ ದೂರ ಗೊತ್ತಿರುವ ಮರ, ಕಂಬಗಳಲ್ಲಿ ಯಾವುದು ಕಾಣುತ್ತದೆ, ಯಾವುದು ಕಾಣದು ಎಂದು ಗುರುತಿಸಲಿ. ಒಂದು ತಿಂಗಳಲ್ಲಿ, ನಾಳೆ ಮಂಜು ಬೀಳುವುದೋ ಇಲ್ಲವೋ ಎಂದು ತಕ್ಕಮಟ್ಟಿಗೆ ಊಹಿಸುವುದನ್ನು ಅವರು ತಾವೇ ಕಲಿತಿರುತ್ತಾರೆ.