ಸಸ್ಯಾಹಾರವೋ, ಮಾಂಸಾಹಾರವೋ? ಮೊದಲು ತಟ್ಟೆಯ ಲೆಕ್ಕ ನೋಡಿ

ಶ್ರಾವಣ ಬಂತೆಂದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಾಂಸದಡುಗೆ ನಿಲ್ಲುತ್ತದೆ, ಹಳೆಯ ಚರ್ಚೆಯೊಂದು ಶುರುವಾಗುತ್ತದೆ. ಆರೋಗ್ಯಕ್ಕೆ ಯಾವುದು ಒಳ್ಳೆಯದು, ಸೊಪ್ಪು-ಬೇಳೆಯೋ, ಕೋಳಿ-ಮೀನೋ? ಕೇಳುವವರಿಗೆ ಒಂದೇ ಮಾತಿನ ಉತ್ತರ ಬೇಕು. ಆದರೆ ಸಂಶೋಧನೆಗಳನ್ನು ಓದಿದರೆ ಅಂಥ ಉತ್ತರ ಸಿಗುವುದಿಲ್ಲ.

ಬ್ರಿಟನ್ನಿನ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನದಲ್ಲಿ ಸುಮಾರು 48,000 ಜನರ ಆರೋಗ್ಯವನ್ನು 18 ವರ್ಷ ಗಮನಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಂಸ ತಿನ್ನುವವರಿಗೆ ಹೋಲಿಸಿದರೆ ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆ ಶೇ 22ರಷ್ಟು ಕಡಿಮೆ ಇತ್ತು. ಪಾರ್ಶ್ವವಾಯು ಮಾತ್ರ ಶೇ 20ರಷ್ಟು ಹೆಚ್ಚು. ಹಾಲು-ಮೊಸರನ್ನೂ ಬಿಟ್ಟ ವೀಗನ್‌ಗಳಲ್ಲಿ ಮೂಳೆ ಮುರಿತ ಹೆಚ್ಚೆಂದು ಅದೇ ಅಧ್ಯಯನದಿಂದ 2020ರಲ್ಲಿ ತಿಳಿದುಬಂತು.

ಈ ಅಂಕಿಗಳನ್ನು ನಮ್ಮ ಮನೆಗೆ ಹಾಗೇ ತಂದುಕೊಳ್ಳುವಂತೆಯೂ ಇಲ್ಲ. ಅಲ್ಲಿ ಬಹುಪಾಲು ಜನ ಬೆಳೆದ ಮೇಲೆ ಯೋಚಿಸಿ ಸಸ್ಯಾಹಾರಿಗಳಾದವರು. ಅಂಥವರು ಸಿಗರೇಟು ಸೇದುವುದು ಕಡಿಮೆ, ತೂಕದ ಮೇಲೂ ನಿಗಾ ಇರುತ್ತದೆ. ನಮ್ಮಲ್ಲಿ ಸಸ್ಯಾಹಾರ ಹುಟ್ಟಿನಿಂದಲೇ ಬರುತ್ತದೆ. ಪಾಲಿಶ್ ಅಕ್ಕಿಯ ಅನ್ನ, ತೆಳು ಸಾರು, ಹಪ್ಪಳ, ಉಪ್ಪಿನಕಾಯಿ, ಸಂಜೆಗೆ ಬೋಂಡಾ, ದಿನಕ್ಕೆ ನಾಲ್ಕು ಸಲ ಸಕ್ಕರೆ ಹಾಕಿದ ಕಾಫಿ. ಇದೂ ಅಪ್ಪಟ ಸಸ್ಯಾಹಾರವೇ. ಆದ್ದರಿಂದ ನಿಮ್ಮ ಊಟ ಯಾವ ಪಂಗಡಕ್ಕೆ ಸೇರಿದ್ದು ಎಂಬುದಕ್ಕಿಂತ, ದಿನವೂ ತಟ್ಟೆಗೆ ಏನು ಬೀಳುತ್ತಿದೆ ಎಂಬುದನ್ನು ಪರೀಕ್ಷಿಸಿಕೊಳ್ಳಿ. ಅದಕ್ಕೆ ಇಲ್ಲೊಂದು ಕ್ರಮವಿದೆ.

1. ಮೂರು ದಿನ ಬರೆದಿಡಿ

ತಿಂದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಮೂರರಲ್ಲಿ ಒಂದು ಭಾನುವಾರವಿರಲಿ. ಕಾಫಿಯ ಜೊತೆಗಿನ ಬಿಸ್ಕತ್ತು, ಮಕ್ಕಳು ಬಿಟ್ಟದ್ದನ್ನು ತಿಂದದ್ದು, ಎಲ್ಲವೂ ಬರಲಿ. ನಾಲಿಗೆಯ ಮೇಲಿನ ಲೆಕ್ಕಕ್ಕೂ ಹಾಳೆಯ ಮೇಲಿನ ಲೆಕ್ಕಕ್ಕೂ ಬಹಳ ವ್ಯತ್ಯಾಸ ಇರುತ್ತದೆ.

2. ಪ್ರೋಟೀನ್ ಕೂಡಿಸಿ

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಕದ ಮಹಿಳೆಗೆ ಸುಮಾರು 46 ಗ್ರಾಂ ಆಯಿತು. ಸಾಮಾನ್ಯ ಸಸ್ಯಾಹಾರಿ ಮನೆಯ ಒಂದು ದಿನವನ್ನು ತೆಗೆದುಕೊಳ್ಳೋಣ. ಬೆಳಿಗ್ಗೆ ಅವಲಕ್ಕಿ ಒಗ್ಗರಣೆ, ಸುಮಾರು 4 ಗ್ರಾಂ. ಎರಡು ಹೊತ್ತಿಗೆ ಸೇರಿ 200 ಗ್ರಾಂ ಅಕ್ಕಿಯ ಅನ್ನ, 15 ಗ್ರಾಂ. ನಾಲ್ಕು ಜನರ ಸಾರಿಗೆ 100 ಗ್ರಾಂ ತೊಗರಿಬೇಳೆ ಹಾಕಿದರೆ ಒಬ್ಬರ ಪಾಲು 25 ಗ್ರಾಂ, ಅದರಲ್ಲಿ ಪ್ರೋಟೀನ್ ಐದೂವರೆ ಗ್ರಾಂ. ಮೊಸರು ಮತ್ತು ಕಾಫಿಯ ಹಾಲು ಸೇರಿ 6 ಗ್ರಾಂ, ಪಲ್ಯದಿಂದ ಎರಡು-ಮೂರು. ಒಟ್ಟು ಸುಮಾರು 33. ಹೊಟ್ಟೆ ತುಂಬಾ ಉಂಡ ಮೇಲೂ 13 ಗ್ರಾಂ ಖೋತಾ!

ಈ ಖೋತಾ ತುಂಬಿಸಲು ದುಬಾರಿ ಡಬ್ಬಿಯ ಪುಡಿ ಬೇಕಿಲ್ಲ. ಒಂದು ಹಿಡಿ ಹುರಿದ ಶೇಂಗಾ (30 ಗ್ರಾಂ) ಮತ್ತು 25 ಗ್ರಾಂ ಒಣ ಹೆಸರುಕಾಳಿನ ಮೊಳಕೆ ಸಾಕು. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಲ್ಲಿ 6 ಗ್ರಾಂ ಸಿಗುತ್ತದೆ. ಶಾಲೆಯಲ್ಲಿ ಮೊಟ್ಟೆಯ ಬದಲು ಬಾಳೆಹಣ್ಣು ತೆಗೆದುಕೊಳ್ಳುವ ಮಕ್ಕಳ ತಂದೆ-ತಾಯಿ ಇದನ್ನು ಮುಖ್ಯವಾಗಿ ಗಮನಿಸಬೇಕು. ಬಾಳೆಹಣ್ಣಿನಲ್ಲಿರುವುದು ಒಂದು ಗ್ರಾಂ ಆಸುಪಾಸು. ಉಳಿದದ್ದನ್ನು ಮನೆಯಲ್ಲಿ ಶೇಂಗಾ, ಕಡಲೆ, ಹಾಲಿನಿಂದ ತುಂಬಿಸಿಕೊಡಿ.

ನಮ್ಮ ಅಡುಗೆಯಲ್ಲೇ ಒಳ್ಳೆಯ ದಾರಿಗಳಿವೆ. ಬಸ್ಸಾರನ್ನೇ ನೋಡಿ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ಬಸಿಯುತ್ತಾರೆ; ಬಸಿದ ಕಟ್ಟಿಗೆ ಮಸಾಲೆ ಅರೆದುಹಾಕಿದರೆ ಸಾರು, ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬೆಂದ ನೀರಿಗಿಳಿದ ಸತ್ವ ಚೆಲ್ಲಿಹೋಗುವುದಿಲ್ಲ, ಕಾಳೂ ತಟ್ಟೆಗೆ ಬರುತ್ತದೆ. ಜೊತೆಗೆ ಮುದ್ದೆಯಿದ್ದರೆ ಮೂಳೆಗೂ ಬಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ಇರುವುದರ ಸುಮಾರು ಮೂರು ಪಟ್ಟು. ಜೋಳದ ರೊಟ್ಟಿ, ಮಡಕಿಕಾಳು ಪಲ್ಯ, ಶೇಂಗಾ ಚಟ್ನಿಯ ಉತ್ತರ ಕರ್ನಾಟಕದ ಊಟವೂ ಇಷ್ಟೇ ಗಟ್ಟಿ. ಇಂಥ ಊಟ ಬಿಟ್ಟು ಬರೀ ಅನ್ನ-ತಿಳಿಸಾರಿಗೆ ಒಗ್ಗಿಕೊಂಡ ಮನೆಗಳನ್ನು ಕಂಡರೆ ನಿಜಕ್ಕೂ ಬೇಸರವಾಗುತ್ತದೆ.

(ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.)

3. ಸಸ್ಯಾಹಾರಿಗಳೇ, ಬಿ12 ಪರೀಕ್ಷೆ ಮಾಡಿಸಿ

ಈ ಒಂದು ವಿಷಯದಲ್ಲಿ ಸಸ್ಯಾಹಾರಕ್ಕೆ ಕೊರತೆ ಇದ್ದೇ ಇದೆ. ವಿಟಮಿನ್ ಬಿ12 ತಯಾರಿಸುವುದು ಬ್ಯಾಕ್ಟೀರಿಯಾ ಮಾತ್ರ. ನಮಗೆ ಅದು ಮಾಂಸ, ಮೀನು, ಮೊಟ್ಟೆ, ಹಾಲಿನ ಮೂಲಕ ಸಿಗುತ್ತದೆ. ಸೊಪ್ಪು, ತರಕಾರಿ, ಕಾಳುಗಳಲ್ಲಿ ನೆಚ್ಚಿಕೊಳ್ಳುವಷ್ಟು ಇಲ್ಲ. ಕಾಫಿಗೆ ಹಾಕುವ ಎರಡು ಚಮಚ ಹಾಲು ಇದಕ್ಕೆ ಸಾಲದು.

ಯಕೃತ್ತಿನಲ್ಲಿ ದಾಸ್ತಾನು ಇರುವುದರಿಂದ ಕೊರತೆ ತೋರಲು ವರ್ಷಗಳೇ ಹಿಡಿಯಬಹುದು. ಬಳಿಕ ಸುಸ್ತು, ಅಂಗಾಲು ಜೋಮು, ನಾಲಿಗೆ ಉರಿ, ಮರೆವು ಒಂದೊಂದಾಗಿ ಬರುತ್ತವೆ. ಮನೆಯಲ್ಲಿ ಹಿರಿಯರು ಕಾಲು ಜೋಮು ಹಿಡಿಯುತ್ತದೆ ಎಂದರೆ ವಯಸ್ಸಾಯಿತು ಎಂದು ಸುಮ್ಮನಾಗಬೇಡಿ, ಒಂದು ರಕ್ತಪರೀಕ್ಷೆ ಮಾಡಿಸಿ. ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಬಂದರೆ ಕೊರತೆ ಎನ್ನುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ಬಹಳ ಕಾಲ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಿ12 ಹೀರಿಕೆ ಕುಗ್ಗುವುದರಿಂದ ಅವರು ಮಾಂಸಾಹಾರಿಗಳಾದರೂ ಈ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಹಾಲನ್ನೂ ಬಿಟ್ಟವರಿಗೆ ಮಾತ್ರೆ ಅಥವಾ ಬಿ12 ಸೇರಿಸಿದ ಆಹಾರ ಕಡ್ಡಾಯ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರಿಗೆ ಇದು ಮಗುವಿನ ಮಿದುಳಿನ ಬೆಳವಣಿಗೆಯ ಪ್ರಶ್ನೆ. ಮನೆಯವರ ಸಂಪ್ರದಾಯ ಏನೇ ಇರಲಿ, ವೈದ್ಯರು ಹೇಳಿದ ಮಾತ್ರೆ ತಪ್ಪಿಸಬಾರದು.

4. ಕಬ್ಬಿಣಕ್ಕೆ ನಿಂಬೆ, ಕಾಫಿಗೆ ಬಿಡುವು

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15–49 ವಯಸ್ಸಿನ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಮಾಂಸದ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ, ಸೊಪ್ಪು-ಕಾಳಿನದನ್ನು ಕಷ್ಟಪಟ್ಟು. ಅದಕ್ಕೆ ವಿಟಮಿನ್ ಸಿ ಜೊತೆ ಕೊಡಬೇಕು. ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ, ಊಟದಲ್ಲಿ ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇರಲಿ. ಊಟಕ್ಕೂ ಕಾಫಿ-ಟೀಗೂ ಒಂದು ಗಂಟೆ ಅಂತರ ಬಿಡಿ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ.

5. ಮಾಂಸ ತಿನ್ನುವವರು ನೋಡಬೇಕಾದ್ದು

ಯಾವ ಮಾಂಸ ಎಂಬುದೇ ಮುಖ್ಯ. ಸಾಸೇಜ್, ಸಲಾಮಿ, ಬೇಕನ್‌ನಂಥ ಸಂಸ್ಕರಿತ ಮಾಂಸ ಕ್ಯಾನ್ಸರ್ ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಸಾರಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಏರುತ್ತದೆ. ಕುರಿ, ಹಂದಿ, ದನದಂಥ ಕೆಂಪು ಮಾಂಸವನ್ನು 'ಬಹುಶಃ ಕಾರಕ' ಎಂಬ ಪಟ್ಟಿಗೆ ಸೇರಿಸಿದೆ. ಹಾಗಾಗಿ ಸಂಸ್ಕರಿತ ಮಾಂಸ ಮನೆಗೆ ಬೇಡ, ಮಟನ್ ಅಪರೂಪಕ್ಕಿರಲಿ. ಮೀನು, ಚರ್ಮ ತೆಗೆದ ಕೋಳಿ ಹೆಚ್ಚು ಬಾರಿ ಬರಲಿ. ಕರಾವಳಿಯ ಭೂತಾಯಿ, ಬಂಗುಡೆ ದುಬಾರಿ ಮೀನುಗಳಲ್ಲ, ಆದರೆ ಹೃದಯಕ್ಕೆ ಹಿತವಾದ ಒಮೆಗಾ-3 ಇವುಗಳಲ್ಲಿ ಧಾರಾಳ. ಕಾವಲಿಯಲ್ಲಿ ಎಣ್ಣೆ ಸುರಿದು ಹುರಿಯುವ ಬದಲು ಪುಳಿಮುಂಚಿ ಮಾಡಿ. (ಸಸ್ಯಾಹಾರಿಗಳಿಗೆ ಅಗಸೆ ಚಟ್ನಿಪುಡಿ ಇದೆ, ಆದರೆ ಅದರ ಒಮೆಗಾ-3 ದೇಹದಲ್ಲಿ ಮೀನಿನಲ್ಲಿರುವ ಬಗೆಯದಾಗಿ ಬದಲಾಗುವುದು ಅತ್ಯಲ್ಪ.)

ಬಾಡೂಟದ ದಿನ ತಟ್ಟೆಯಿಂದ ತರಕಾರಿ ಮಾಯವಾಗುತ್ತದೆ, ಎರಡು ಬಿಲ್ಲೆ ಈರುಳ್ಳಿಗೆ ಮುಗಿಯುತ್ತದೆ. ನಾರಿನಂಶವಿಲ್ಲದ ಈ ಊಟವೇ ಮಾಂಸಾಹಾರಿಗಳ ದೊಡ್ಡ ಲೋಪ. ಮಟನ್ ಸಾರಿಗೆ ಅವರೆಕಾಳು ಅಥವಾ ಮೆಂತ್ಯಸೊಪ್ಪು ಸೇರಿಸಿ. ಅರ್ಧ ಮಾಂಸದಲ್ಲೇ ರುಚಿ ಕೂಡಿಬರುತ್ತದೆ, ಖರ್ಚೂ ಇಳಿಯುತ್ತದೆ.

6. ಅಂಗಡಿ ತಿಂಡಿಯನ್ನು ಬೇರೆಯಾಗಿ ಎಣಿಸಿ

ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಒಂದು ಸಸ್ಯಾಹಾರ, ಇನ್ನೊಂದು ಹೆಚ್ಚಾಗಿ ಮಾಂಸಾಹಾರ. ತೊಂದರೆ ಮಾತ್ರ ಒಂದೇ. ನಿಮ್ಮ ಹಾಳೆಯಲ್ಲಿ ಇಂಥ ಕರಿದ ತಿಂಡಿ, ಬೇಕರಿ ಪದಾರ್ಥಗಳ ಕೆಳಗೆ ಗೆರೆ ಎಳೆಯಿರಿ. ಮೂರು ದಿನದಲ್ಲೇ ಎರಡಕ್ಕಿಂತ ಹೆಚ್ಚು ಗೆರೆ ಬಿದ್ದರೆ ಮೊದಲು ಕಡಿಮೆ ಮಾಡಬೇಕಾದ್ದು ಅದನ್ನೇ.

7. ಬದಲಾಯಿಸುವವರಿಗೆ

ಮಾಂಸ ಬಿಡಬೇಕೆಂದಿರುವವರು ಅದರ ಜಾಗವನ್ನು ಅನ್ನದಿಂದ ತುಂಬಿಸಬೇಡಿ. ಹುರುಳಿ, ಅಲಸಂದೆ, ಸೋಯಾ, ಪನೀರ್ ಬರಲಿ. ಬಿಡುವ ಮುನ್ನ ಹಿಮೋಗ್ಲೋಬಿನ್, ಬಿ12 ಪರೀಕ್ಷಿಸಿಕೊಂಡು, ವರ್ಷದ ಬಳಿಕ ಮತ್ತೆ ನೋಡಿ. ಹೊಸದಾಗಿ ಮೊಟ್ಟೆ ಶುರುಮಾಡುವವರು ಬೇಯಿಸಿದ ಒಂದರಿಂದ ಆರಂಭಿಸಿ, ಮೊದಲ ಕೆಲವು ಸಲ ಅಲರ್ಜಿ ಆಗುತ್ತದೆಯೇ ಎಂದು ಗಮನಿಸಿ. ಯೂರಿಕ್ ಆಸಿಡ್ ಹೆಚ್ಚಿರುವವರು ಮಟನ್, ಲಿವರ್ ಮಾತ್ರವಲ್ಲ, ಭೂತಾಯಿಯನ್ನೂ ವೈದ್ಯರನ್ನು ಕೇಳಿಯೇ ತಿನ್ನಬೇಕು.