ಸಂಡೂರಿನಲ್ಲೇ ಕೂತು ಹೊಸ ಪ್ರೋಟೀನ್ ರೂಪಿಸಲು ಏಳು ಸೂತ್ರಗಳು

ಪ್ರಕೃತಿಯಲ್ಲಿಲ್ಲದ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿ ರೂಪಿಸಿದ್ದಕ್ಕೆ ಡೇವಿಡ್ ಬೇಕರ್ ಅವರಿಗೆ 2024ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಪಾಲು ಸಂದಿತು. ಅವರ ತಂಡದ ವಿನ್ಯಾಸ ತಂತ್ರಾಂಶಗಳಾದ ಆರ್‌ಎಫ್‌ಡಿಫ್ಯೂಷನ್, ಪ್ರೋಟೀನ್‌ಎಂಪಿಎನ್‌ಎನ್ ಎರಡೂ ಓಪನ್ ಸೋರ್ಸ್. ಸಿಯಾಟಲ್‌ನ ಬೇಕರ್ ತಂಡ ಬಳಸುವ ಕೋಡೇ ಸಂಡೂರು ಬಳಿಯ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದ ವಿದ್ಯಾರ್ಥಿಗೂ ಪುಕ್ಕಟೆ ಸಿಗುತ್ತದೆ.

1. ಮೊದಲು ಒಂದೇ ಒಂದು ಪ್ರೋಟೀನನ್ನು ಚೆನ್ನಾಗಿ ನೋಡಿ. ಕಬ್ಬಿಣದ ಅದಿರಿನ ಊರಾದ ಸಂಡೂರಿನವರು ಫೆರಿಟಿನ್‌ನಿಂದ ಶುರುಮಾಡಲಿ. ನಮ್ಮ ಮೈಯಲ್ಲಿ ಕಬ್ಬಿಣ ಕೂಡಿಡುವುದು ಇದೇ. 24 ತುಂಡುಗಳು ಸೇರಿ ಒಂದು ಟೊಳ್ಳು ಗೋಳವಾಗುತ್ತವೆ. ಅದರೊಳಗೆ ಸುಮಾರು 4,500 ಕಬ್ಬಿಣದ ಪರಮಾಣುಗಳು ಹಿಡಿಯುತ್ತವೆ. ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ ಫೆರಿಟಿನ್‌ನ 1ಎಫ್‌ಎಚ್‌ಎ ಕಡತ ಇಳಿಸಿ, ಪ್ರೋಟೀನ್ ರಚನೆ ತೋರಿಸುವ ಪೈಮಾಲ್‌ನ ಓಪನ್ ಸೋರ್ಸ್ ಆವೃತ್ತಿಯಲ್ಲಿ ತೆರೆಯಿರಿ. ಅಂಥ ಒಂದು ತುಂಡಿನಲ್ಲಿ ನಾಲ್ಕು ಉದ್ದನೆಯ ಸುರುಳಿಗಳ ಕಟ್ಟು ಕಾಣುತ್ತದೆ. ಅದರ ನಡುವೆ ಕಬ್ಬಿಣವನ್ನು ಹಿಡಿಯುವ ಗ್ಲುಟಮೇಟ್, ಹಿಸ್ಟಿಡಿನ್‌ಗಳನ್ನು ಹುಡುಕಿ. ಆ ಜಾಗ ಕಣ್ಣಿಗೆ ಬಿದ್ದ ಮೇಲೆ ವಿನ್ಯಾಸವೆಂದರೇನು ಎಂದು ಯಾರೂ ವಿವರಿಸಬೇಕಾಗಿಲ್ಲ.

2. ರಾಮಚಂದ್ರನ್ ನಕ್ಷೆ ಓದಲು ಕಲಿಯಿರಿ. ಅಮೈನೋ ಆಮ್ಲಗಳ ಸರಪಳಿ ಯಾವ ಕೋನದಲ್ಲಿ ತಿರುಗಬಹುದು, ಯಾವುದರಲ್ಲಿ ಆಗದು ಎಂದು ಜಿ.ಎನ್. ರಾಮಚಂದ್ರನ್ ತಂಡ 1963ರಲ್ಲೇ ಮದ್ರಾಸಿನಿಂದ ತೋರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದವರೂ ಅವರೇ. ಪ್ರೋಟೀನ್ ರಚನೆಗಳನ್ನು ಇಂದಿಗೂ ಆ ನಕ್ಷೆಯ ಮೇಲಿಟ್ಟೇ ಪರೀಕ್ಷಿಸುತ್ತಾರೆ.

3. ಕೆಲಸದ ಕ್ರಮ ತಪ್ಪಿಸಬೇಡಿ. ಆರ್‌ಎಫ್‌ಡಿಫ್ಯೂಷನ್ ಬರೀ ಬೆನ್ನೆಲುಬಿನ ಆಕಾರ ಕೊಡುತ್ತದೆ. ಆ ಆಕಾರಕ್ಕೆ ಒಪ್ಪುವ ಅಮೈನೋ ಆಮ್ಲಗಳ ಸಾಲನ್ನು ಪ್ರೋಟೀನ್‌ಎಂಪಿಎನ್‌ಎನ್ ಬರೆಯುತ್ತದೆ. ಆ ಸಾಲು ನಿಜಕ್ಕೂ ಹಾಗೆಯೇ ಮಡಚಿಕೊಳ್ಳುತ್ತದೆಯೇ ಎಂದು ಆಲ್ಫಾಫೋಲ್ಡ್ ಊಹಿಸುತ್ತದೆ. ಊಹೆಯೂ ನಿಮ್ಮ ಮೂಲ ಆಕಾರವೂ 2 ಆಂಗ್‌ಸ್ಟ್ರಾಮ್‌ಗಿಂತ ಹೆಚ್ಚು ದೂರ ಸರಿದಿದ್ದರೆ ಮುಲಾಜಿಲ್ಲದೆ ಬಿಟ್ಟುಬಿಡಿ.

4. ಚಿಕ್ಕದರಿಂದ ಆರಂಭಿಸಿ. 2003ರಲ್ಲಿ ಬೇಕರ್ ತಂಡ ಜಗತ್ತಿಗೆ ತೋರಿಸಿದ ಟಾಪ್7 ಎಂಬ ಹೊಸ ಪ್ರೋಟೀನಿನಲ್ಲಿ ಇದ್ದದ್ದು 93 ಅಮೈನೋ ಆಮ್ಲಗಳು. ಕಲಿಯುವವರಿಗೆ ಅಷ್ಟು ಧಾರಾಳವಾಗಿ ಸಾಕು.

5. ದುಬಾರಿ ಯಂತ್ರಕ್ಕಾಗಿ ಕಾಯಬೇಡಿ. ಆಲ್ಫಾಫೋಲ್ಡನ್ನು ಗೂಗಲ್‌ನ ಯಂತ್ರಗಳಲ್ಲಿ ಓಡಿಸುವ ಕೊಲಾಬ್‌ಫೋಲ್ಡನ್ನು ಬ್ರೌಸರಿನಿಂದಲೇ ಬಳಸಬಹುದು. ಹಳೇ ಲ್ಯಾಪ್‌ಟಾಪ್ ನಡೆಯುತ್ತದೆ. ಆದರೆ ಪುಕ್ಕಟೆ ಸೌಲಭ್ಯಕ್ಕೆ ಸಮಯದ ಮಿತಿಯಿದೆ, ಕರೆಂಟಿಗೂ ನೆಟ್‌ಗೂ ಭರವಸೆಯಿಲ್ಲ. ಒಂದೊಂದು ಫಲಿತಾಂಶ ಬಂದ ಹಾಗೆಲ್ಲ ಗೂಗಲ್ ಡ್ರೈವ್‌ಗೆ ಉಳಿಸಿ.

6. ಲೈಸೆನ್ಸ್ ಓದಿ. ಕೋಡ್ ಕಣ್ಣಿಗೆ ಕಂಡ ಮಾತ್ರಕ್ಕೆ ಎಲ್ಲಕ್ಕೂ ಬಳಸಬಹುದು ಎಂದಲ್ಲ. ಬೇಕರ್ ತಂಡದಲ್ಲೇ ಹುಟ್ಟಿದ ಹಳೆಯ ವಿನ್ಯಾಸ ತಂತ್ರಾಂಶ ರೊಸೆಟ್ಟಾ ಓದು, ಸಂಶೋಧನೆಗೆ ಉಚಿತ. ಕಂಪನಿ ವ್ಯವಹಾರಕ್ಕೆ ಹಣ ಕೊಡಬೇಕು.

7. ಅಂಕಗಳನ್ನು ನಂಬಿ ಕೂರಬೇಡಿ. ಆಲ್ಫಾಫೋಲ್ಡ್ 100ಕ್ಕೆ 90ಕ್ಕಿಂತ ಹೆಚ್ಚು ಭರವಸೆ ತೋರಿಸಿದ ಪ್ರೋಟೀನೂ ಪ್ರಯೋಗಾಲಯದ ಬ್ಯಾಕ್ಟೀರಿಯಾದೊಳಗೆ ಕರಗದೆ ಗಂಟುಕಟ್ಟಬಹುದು. ನೂರಾರು ರೂಪಿಸಿ, ಬೆರಳೆಣಿಕೆಯಷ್ಟನ್ನು ಉಳಿಸಿಕೊಳ್ಳಿ. ಆಮೇಲೆ ಪ್ರೋಟೀನ್ ತಯಾರಿಸಿ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಒಂದು ಪುಟದ ಪತ್ರ ಬರೆಯಿರಿ: ಗುರಿ ಏನು, ಆಯ್ದ ಸಾಲುಗಳು ಯಾವುವು, ಉಳಿದವನ್ನು ಯಾಕೆ ಕೈಬಿಟ್ಟಿರಿ. ಕೈಬಿಟ್ಟ ಕಾರಣಗಳಿಗೆ ಹೆಚ್ಚು ಜಾಗ ಕೊಡಿ. ಅನುಭವಿಗಳು ಮೊದಲು ಓದುವುದು ಅದನ್ನೇ.