ಸದ್ದು ಎಲ್ಲಿಂದ? ಹಳೆಯ ಲಾರಿಯೊಂದಿಗೆ ವೃತ್ತೀಯ ಚಲನೆಯ ಪಾಠ

ಪ್ರಥಮ ಪಿಯುಸಿ ವಿದ್ಯಾರ್ಥಿಗಳಿಗೆ ವೃತ್ತೀಯ ಚಲನೆಯ ಅಧ್ಯಾಯ ಮುಗಿದಿದೆ. ಸೂತ್ರ ಬರೆದು ಬೆಲೆ ಹಾಕುವುದು ಎಲ್ಲರಿಗೂ ಬಂದಿದೆ. ಈ ಸಂಚಿಕೆಯಲ್ಲಿ ಹೊಸ ಸೂತ್ರವೇನೂ ಇಲ್ಲ. ಅದೇ ಅಧ್ಯಾಯವನ್ನು ಒಂದು ಹಳೆಯ ಲಾರಿಯ ಪಕ್ಕದಲ್ಲಿ ನಿಂತು ಇನ್ನೊಮ್ಮೆ ಓದೋಣ.

ಲಾರಿ ನನ್ನ ಮಾಮು ಅವರದು. ಆರು ಚಕ್ರದ ಮಿನಿ ಲಾರಿ, ಇಪ್ಪತ್ತು ವರ್ಷ ದಾಟಿದೆ. ಹಾವೇರಿ ಸುತ್ತಿನ ಹಳ್ಳಿಗಳಿಂದ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಸಾಗಿಸುವ ಕೆಲವು ತಿಂಗಳ ಬಾಡಿಗೆಯೇ ಅವರಿಗೆ ವರ್ಷದ ಆಧಾರ. ಸರಿಯಾಗಿ ಆ ಹಂಗಾಮಿನಲ್ಲೇ ಗಾಡಿಯ ಅಡಿಯಿಂದ ‘ಕಿಚ್ ಕಿಚ್’ ಎಂಬ ಸದ್ದು ಶುರುವಾಯಿತು. ಮೇಸ್ತ್ರಿಯೊಬ್ಬರು ನಿಂತ ಗಾಡಿಯ ಎಂಜಿನ್ ಚಾಲೂ ಮಾಡಿ, ಕಿವಿಗೊಟ್ಟು ಕೇಳಿ, “ಎಂಜಿನ್ ಬಿಚ್ಚಬೇಕು” ಅಂದರು. ಬಿಚ್ಚಿದರೆ ಹತ್ತು ದಿನ ಬಾಡಿಗೆ ಇಲ್ಲ. ಖರ್ಚಿಗೆ ಮಾಮಿಯ ಬಳೆ ಅಡವಿಡುವ ಮಾತೂ ಮನೆಯಲ್ಲಿ ನಡೆದಿತ್ತು. ಆ ಭಾನುವಾರ ನಾನು ಅಲ್ಲಿಗೆ ಹೋಗಿದ್ದೆ. ಬಿಚ್ಚುವ ಮೊದಲು ಒಂದು ಗಂಟೆ ಕೊಡಿ ಎಂದು ಕೇಳಿದೆ. “ಇದು ಸಾಲಿ ಪರೀಕ್ಷೆ ಅಲ್ಲೋ ಮಾಸ್ತರ, ಲಾರಿ!” ಎಂದು ಮಾಮು ನಕ್ಕರು. ಆದರೂ ಕೀಲಿ ಕೊಟ್ಟರು.

ಇಂಥ ಸದ್ದು ಕೇಳಿದ ಕೂಡಲೇ ಎಲ್ಲರೂ ‘ಯಾವ ಭಾಗ ಹೋಗಿದೆ?’ ಎಂದು ಕೇಳುತ್ತಾರೆ. ಆ ಪ್ರಶ್ನೆ ಆಮೇಲೆ ಬರಲಿ. ಮೊದಲು ಕೇಳಬೇಕಾದ್ದು, ಈ ಸದ್ದು ಯಾವುದರ ಜೊತೆ ಸುತ್ತುತ್ತಿದೆ ಎಂದು. ಲಾರಿಯಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಸುತ್ತುವುದಿಲ್ಲ. ಎಂಜಿನ್ನಿನದು ಒಂದು ವೇಗ, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನದು ಇನ್ನೊಂದು, ಚಕ್ರದ್ದು ಮತ್ತೊಂದು. ಸದ್ದಿನ ಆವೃತ್ತಿ ಯಾವುದಕ್ಕೆ ಹೊಂದುತ್ತದೋ ಅಲ್ಲಿ ಹುಡುಕಿದರಾಯಿತು. ಉಳಿದದ್ದನ್ನು ಮುಟ್ಟಬೇಕಾಗಿಲ್ಲ.

ಮೊದಲು ಗಾಡಿಯನ್ನು ನಿಲ್ಲಿಸಿಯೇ ಎಂಜಿನ್ ಏರಿಸಿ ಇಳಿಸಿದೆವು. ‘ಟಕ್ ಟಕ್’ ಎಂಬ ಸದ್ದು ಬಂತು, ಎಂಜಿನ್ ಏರಿದಂತೆ ಅದೂ ಚುರುಕಾಯಿತು. ‘ಕಿಚ್ ಕಿಚ್’ ಮಾತ್ರ ಇಲ್ಲ! ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ. ಅವರು ಕೇಳಿದ್ದು ನಿಜವಾದ ಸದ್ದೇ, ಆದರೆ ನಾವು ದೂರಿದ ಸದ್ದಲ್ಲ. ಹಳೆಯ ಗಾಡಿಯಲ್ಲಿ ಇದೇ ಮುಖ್ಯ ತೊಡಕು: ಒಂದರ ಮೇಲೊಂದು ಹತ್ತು ಸದ್ದು ಇರುತ್ತವೆ. ನಿನ್ನೆ ಇಲ್ಲದ್ದು ಯಾವುದು ಎಂಬುದನ್ನು ದಿನವೂ ಓಡಿಸುವವರೇ ಹೇಳಬಲ್ಲರು.

ಆ ‘ಟಕ್ ಟಕ್’ ಯಾವುದೆಂದೂ ನೋಡಿದೆವು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲಿನ ಮುಚ್ಚಳಕ್ಕೆ ಒತ್ತಿ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿದರೆ, ವೈದ್ಯರ ಸ್ಟೆತಾಸ್ಕೋಪಿನಂತೆ ಅಲ್ಲಿಯ ಸದ್ದು ಬೇರೆಯಾಗಿ ಕೇಳುತ್ತದೆ. ಗಾಳಿಯಲ್ಲಿ ಎಲ್ಲ ಸದ್ದೂ ಕಲಸಿಹೋಗುತ್ತವೆ. ಉಕ್ಕಿನ ಸರಳು ತಾನು ಮುಟ್ಟಿದ ಜಾಗದ ಕಂಪನವನ್ನು ನೇರವಾಗಿ ತಲುಪಿಸುತ್ತದೆ. ಮೇಲಿನ ಮುಚ್ಚಳದಲ್ಲಿ ಸದ್ದು ಜೋರು, ಕೆಳಗೆ ಆಯಿಲ್ ಚೇಂಬರಿನ ಹತ್ತಿರ ಕ್ಷೀಣ. ಹಾಗಾದರೆ ಅದು ಟ್ಯಾಪೆಟ್. ಲೆಕ್ಕವೂ ಹೊಂದುತ್ತದೆ: ನಾಲ್ಕು ಸ್ಟ್ರೋಕಿನ ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗಿದರೆ ಸೆಕೆಂಡಿಗೆ 10 ಸುತ್ತು. ಕ್ಯಾಮ್ ಶಾಫ್ಟ್ ಅದರ ಅರ್ಧ, ಅಂದರೆ 5. ಸಡಿಲವಾದ ಒಂದು ಟ್ಯಾಪೆಟ್ ಸೆಕೆಂಡಿಗೆ 5 ಸಲ ಬಡಿಯುತ್ತದೆ. (ಈ ಕೆಲಸಕ್ಕೆ ಹೋಗುವವರು ದುಪಟ್ಟಾ, ಲುಂಗಿ, ಸಡಿಲ ತೋಳು ಏನನ್ನೂ ಫ್ಯಾನಿನ ಹತ್ತಿರ ತರಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.)

ನಂತರ ಗಾಡಿಯನ್ನು ಊರಾಚೆಯ ಖಾಲಿ ಮೈದಾನಕ್ಕೆ ಒಯ್ದೆವು. ಒಂದೇ ನಿಧಾನ ವೇಗದಲ್ಲಿ ಒಮ್ಮೆ ಮೊದಲನೇ ಗೇರಿನಲ್ಲಿ, ಒಮ್ಮೆ ಎರಡನೇ ಗೇರಿನಲ್ಲಿ ಓಡಿಸಲು ಮಾಮುಗೆ ಹೇಳಿದೆ. ಪ್ರಯೋಗಾಲಯದಲ್ಲಿ ನಾವು ಮಾಡುವುದೂ ಇದೇ: ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಹಾಗೇ ಇಡುವುದು. ಗೇರು ಬದಲಾದಾಗ ಎಂಜಿನ್ನಿನ ಸದ್ದು ಇಳಿಯಿತು, ‘ಕಿಚ್ ಕಿಚ್’ ಲಯ ಬದಲಾಗಲಿಲ್ಲ. ಎಂಜಿನ್ ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು.

ಈಗ ನಾನು ತಪ್ಪಿದೆ. ಹಿಂದಿನ ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿರಬೇಕೆಂದು ಅರ್ಧ ಗಂಟೆ ಹುಡುಕಿದೆ. ಅಂಥ ಕಲ್ಲು ಸಿಕ್ಕುವುದು ಸಾಮಾನ್ಯವೇ. ಆದರೆ ಎಣಿಸದೆ ಊಹಿಸಿದ್ದಕ್ಕೆ ಸಿಕ್ಕಿದ್ದು ಬರೀ ಮೈಗೆ ಮಣ್ಣು. ಕೊನೆಗೆ ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ, ಪಕ್ಕಕ್ಕೆ ದೂರ ನಿಂತು ಮೊಬೈಲಿನಲ್ಲಿ ವಿಡಿಯೊ ತೆಗೆದೆ. ಅದನ್ನು ನಿಧಾನಗತಿಯಲ್ಲಿ ಹಾಕಿ ನೋಡಿದರೆ ಚಕ್ರದ ಸುತ್ತನ್ನೂ ಸದ್ದನ್ನೂ ಒಟ್ಟಿಗೇ ಎಣಿಸಬಹುದು. ಮಾಮುವಿನ ಗಾಡಿಯ ಸ್ಪೀಡೋಮೀಟರ್ ಕೆಟ್ಟು ಎಷ್ಟೋ ವರ್ಷವಾಗಿದೆ. ಈ ಲೆಕ್ಕಕ್ಕೆ ಅದು ಬೇಕಾಗಲೂ ಇಲ್ಲ.

ಚಕ್ರ 10 ಸುತ್ತು ಬಂದಾಗ ಸದ್ದು 49 ಸಲ ಬಂದಿತ್ತು. ಚಕ್ರದಲ್ಲೇ ದೋಷವಿದ್ದರೆ 10 ಸಲ ಬರಬೇಕಿತ್ತು. ಹಿಂದಿನ ಆಕ್ಸಲಿನಲ್ಲಿ ಶಾಫ್ಟಿನ ಪಿನಿಯನ್‌ಗೆ 7 ಹಲ್ಲು, ಅದು ತಿರುಗಿಸುವ ಕ್ರೌನ್ ಚಕ್ರಕ್ಕೆ 34 ಹಲ್ಲು ಎಂದು ಮಾಮುಗೆ ಬಾಯಿಪಾಠವಿತ್ತು. 34 ಭಾಗಿಸು 7, ಸುಮಾರು 4.86. ಚಕ್ರ 10 ಸುತ್ತು ಬರುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ 48.6 ಸುತ್ತು ತಿರುಗಿರುತ್ತದೆ. ಮಾಮು ಮೊಬೈಲನ್ನು ನನ್ನ ಕೈಯಿಂದ ಕಿತ್ತುಕೊಂಡು ತಾವೇ ಮತ್ತೊಮ್ಮೆ ಎಣಿಸಿದರು.

ಸದ್ದು ಶಾಫ್ಟಿನದೆಂದು ಗೊತ್ತಾದರೂ ಅದರ ಜೊತೆ ಸುತ್ತುವ ಭಾಗಗಳು ಹಲವು: ಗೇರ್‌ಬಾಕ್ಸಿನ ಹಿಂಬದಿ, ಸೆಂಟರ್ ಬೇರಿಂಗ್, ಪಿನಿಯನ್, ಮತ್ತು ಶಾಫ್ಟಿನ ಕೀಲುಗಳಲ್ಲಿರುವ ಕ್ರಾಸ್‌ಗಳು. ಇನ್ನು ಕೈಯಿಂದಲೇ ನೋಡಬೇಕು. ಸಮತಟ್ಟು ನೆಲ, ಎಂಜಿನ್ ಬಂದ್, ಕೀಲಿ ಜೇಬಿನಲ್ಲಿ, ಚಕ್ರಗಳ ಹಿಂದೆ ಮುಂದೆ ಮರದ ದಿಮ್ಮಿ. ಜಾಕ್ ಹಾಕಲಿಲ್ಲ. ಬರೀ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಯಾರೂ ಹೋಗಬಾರದು, ಒಂದು ನಿಮಿಷಕ್ಕೂ. ಶಾಫ್ಟನ್ನು ಹಿಡಿದು ಆಚೀಚೆ ತಿರುಚಿದಾಗ ಹಿಂದಿನ ಕ್ರಾಸಿನಲ್ಲಿ ಸಡಿಲ ಕಂಡಿತು. ಅದರ ಬಟ್ಟಲಿನ ಅಂಚಿನಲ್ಲಿ ಕುಂಕುಮದಂಥ ಕೆಂಪು ಪುಡಿ ಇತ್ತು. ಗ್ರೀಸ್ ಒಣಗಿ, ಒಳಗಿನ ಸೂಜಿಯಂಥ ರೋಲರುಗಳು ಸವೆದು ತುಕ್ಕಾಗಿ ಹೊರಬಂದ ಪುಡಿ ಅದು.

ಎಂಜಿನ್ ಅಲ್ಲವಲ್ಲ ಎಂದು ಹಗುರಾಗುವ ಹಾಗಿರಲಿಲ್ಲ. ಕ್ರಾಸ್ ಓಟದಲ್ಲಿ ತುಂಡಾದರೆ ಶಾಫ್ಟ್ ಕಳಚಿ ರಸ್ತೆಗೆ ಬೀಳುತ್ತದೆ. ಗಾಡಿಯ ಮೇಲೆ ಚೀಲಗಳು, ಚೀಲಗಳ ಮೇಲೆ ಹಮಾಲರು ಕುಳಿತಿರುತ್ತಾರೆ. ಆ ದಿನ ಲಾರಿ ಮೈದಾನದಿಂದ ನಿಧಾನವಾಗಿ ಮನೆಗೆ ಬಂತು, ಮರುದಿನ ಬಾಡಿಗೆಗೆ ಹೋಗಲಿಲ್ಲ. ಬಳೆ ಮಾಮಿಯ ಕೈಯಲ್ಲೇ ಉಳಿಯಿತು.

ಕ್ರಾಸ್ ಬದಲಿಸಲು ಅದೇ ಮೇಸ್ತ್ರಿಯನ್ನು ಕರೆದೆವು. ಅವರ ಕೆಲಸದಲ್ಲಿ ನಾನೊಂದು ಹೊಸದನ್ನು ಕಲಿತೆ. ಶಾಫ್ಟ್ ಬಿಚ್ಚುವ ಮೊದಲು ಅವರು ಎರಡೂ ಕಡೆ ಸುಣ್ಣದಲ್ಲಿ ಗೆರೆ ಎಳೆದರು. ಓರೆಯಾಗಿ ನಿಂತ ಇಂಥ ಕೀಲು ಒಂದು ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತದೆ. ಶಾಫ್ಟಿನ ಇನ್ನೊಂದು ತುದಿಯ ಕೀಲು ಸರಿಯಾದ ದಿಕ್ಕಿನಲ್ಲಿದ್ದರೆ ಆ ಏರಿಳಿತ ಅಳಿದುಹೋಗುತ್ತದೆ. ಗೆರೆ ತಪ್ಪಿ ಜೋಡಿಸಿದರೆ ಹೊಸ ಕ್ರಾಸ್ ಹಾಕಿಯೂ ಗಾಡಿ ನಡುಗುತ್ತದೆ. ಕೋನೀಯ ವೇಗ ಎಂಬ ಪದವನ್ನು ಮೇಸ್ತ್ರಿ ಕೇಳಿರಲಿಲ್ಲ. ಗೆರೆ ಮಾತ್ರ ಒಂದು ಕೂದಲೆಳೆಯೂ ತಪ್ಪಿರಲಿಲ್ಲ.

ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಟ್ಯಾಪೆಟ್ಟಿನ ‘ಟಕ್ ಟಕ್’ ಮಾತ್ರ ಹಂಗಾಮು ಮುಗಿಯುವ ತನಕ ಹಾಗೇ ಇತ್ತು.

ಅಭ್ಯಾಸಕ್ಕೆ: ನಿಮ್ಮ ಸೈಕಲ್ಲಿನ ಚಕ್ರದ ಪರಿಧಿ 2.1 ಮೀಟರ್. ಪೆಡಲಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18. ನಿಲ್ಲಿಸದೆ ಪೆಡಲ್ ತುಳಿಯುತ್ತ 42 ಮೀಟರ್ ಹೋದಾಗ ‘ಕಟ್’ ಎಂಬ ಸದ್ದು 8 ಸಲ ಕೇಳಿತು. ಎಲ್ಲಿ ಹುಡುಕುವಿರಿ? ಲೆಕ್ಕ ಮಾಡಿ, ಕಾರಣ ಸಮೇತ ಬರೆದು ತನ್ನಿ.